ಕಲ್ಲುನೆಲದಲ್ಲಿ ಬೇಲಿಗುಂಡಿ: ಟ್ರ್ಯಾಕ್ಟರ್ ಎಷ್ಟರ ಮಟ್ಟಿಗೆ?

ದೇವನಹಳ್ಳಿ ಕಡೆಯ ತೋಟಗಳನ್ನು ನೋಡಿ ಬಂದ ಮಲೆನಾಡಿನ ಸದಸ್ಯರು ಮೊದಲು ಹೇಳುವುದು ಅಲ್ಲಿನ ಕಲ್ಲುಕಂಬಗಳ ವಿಷಯ. ಬೇಲಿಗೂ ಅದೇ, ದ್ರಾಕ್ಷಿ ಚಪ್ಪರಕ್ಕೂ ಅದೇ. ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಆದರೆ ಕಂಬ ಕೊಟ್ಟ ಬಂಡೆಯೇ ನೆಲದಡಿಯಲ್ಲೂ ಮಲಗಿದೆಯಲ್ಲ, ತೊಡಕು ಇರುವುದು ಅಲ್ಲಿಯೇ. ಈ ಭಾಗದಲ್ಲಿ ಅಡಿಕೆ ಇಟ್ಟಿರುವ ಸದಸ್ಯರು ಟ್ರ್ಯಾಕ್ಟರ್‌ನಿಂದ ಗುಂಡಿ ತೆಗೆಸಬಹುದೇ ಎಂದು ಕೇಳುತ್ತಿರುತ್ತಾರೆ. ನಾವು ಮಾಡಿ ಕಂಡುಕೊಂಡದ್ದನ್ನು ಇಲ್ಲಿ ತಿಳಿಸುತ್ತೇವೆ.

ಲೆಕ್ಕ ಮೊದಲು. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. 10 ಅಡಿಗೊಂದರಂತೆ 84 ಕಂಬ ಬೇಕು. 7 ಅಡಿ ಉದ್ದ, 5 ಅಂಗುಲ ಚೌಕದ ಕಲ್ಲುಕಂಬ ಸುಮಾರು 90 ಕಿಲೋ ತೂಗುತ್ತದೆ. ಅದರಲ್ಲಿ 2 ಅಡಿ ನೆಲದೊಳಗೆ ಹೋಗಬೇಕು. ತೋಡುವ ಮುನ್ನ ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ಬಾಂದುಕಲ್ಲುಗಳನ್ನು ಖಚಿತಪಡಿಸಿಕೊಳ್ಳಿ. ನೆಟ್ಟ 84 ಕಂಬವನ್ನು ಕಿತ್ತು ಒಂದು ಗಜ ಒಳಕ್ಕೆ ಸರಿಸುವ ಕಷ್ಟ ಯಾರಿಗೂ ಬೇಡ.

ಗುಂಡಿ ತೋಡುವ ಆಗರ್ ಟ್ರ್ಯಾಕ್ಟರ್‌ನ ಹಿಂದೆ ತೂಗುಬೀಳುವ ಯಂತ್ರ. ಪಿ.ಟಿ.ಓ. ಶಾಫ್ಟ್ ಅದನ್ನು ತಿರುಗಿಸುತ್ತದೆ. ಕೆಂಪು ಮಣ್ಣಿನಲ್ಲಿ, ಸಣ್ಣ ಕಲ್ಲಿನ ಗೊಚ್ಚಿನಲ್ಲಿ ಇದರ ಕೆಲಸ ಚೆನ್ನ. ಮುಷ್ಟಿಗಿಂತ ದೊಡ್ಡ ಕಲ್ಲು ಸಿಕ್ಕರೆ ಎಗರಾಡುತ್ತದೆ. ಬಂಡೆ ಸಿಕ್ಕರೆ ಬರೀ ಸವೆಯುತ್ತದೆ. ಇದಕ್ಕೆ ಕಾರಣವುಂಟು. ನಮ್ಮ ಸಾಮಾನ್ಯ ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಎತ್ತಬಲ್ಲದೇ ಹೊರತು ಕೆಳಕ್ಕೆ ಒತ್ತಲಾರದು. ಆಗರ್ ಇಳಿಯುವುದು ತನ್ನ ಭಾರದಿಂದ ಮಾತ್ರ.

ಇಲ್ಲಿಯೇ ಅನಾಹುತ ಹುಟ್ಟುವುದು. ಇಳಿಯುತ್ತಿಲ್ಲವೆಂದು ಕೂಲಿಯ ಹುಡುಗನನ್ನು ತೊಲೆಯ ಮೇಲೆ ಹತ್ತಿಸಿ ಭಾರ ಕೊಡಿಸುವ ರೂಢಿ ಕೆಲವೆಡೆ ಇದೆ. ದಯವಿಟ್ಟು ಇದನ್ನು ಮಾಡಕೂಡದು. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚೋ ಹೆಗಲ ಟವೆಲೋ ಸಿಕ್ಕರೆ ಚಾಲಕ ಕ್ಲಚ್ ತುಳಿಯುವಷ್ಟರಲ್ಲಿ ಮನುಷ್ಯನೇ ಸುತ್ತಿಕೊಂಡಿರುತ್ತಾನೆ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಬಾಡಿಗೆ ಯಂತ್ರವನ್ನು ಹಿಂದಕ್ಕೆ ಕಳುಹಿಸಿ; ಮಾಲೀಕರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಆಗರ್ ತಿರುಗುವಾಗ ಚಾಲಕನ ಹೊರತು ಬೇರೆಯವರು ಹತ್ತಿರ ಇರಬಾರದು. ಗುಂಡಿಯಿಂದ ಕಲ್ಲು ತೆಗೆಯಬೇಕಾದರೆ ಎಂಜಿನ್ ನಿಲ್ಲಿಸಿಯೇ ತೆಗೆಯಬೇಕು.

ಶಿಯರ್ ಬೋಲ್ಟ್ ವಿಷಯದಲ್ಲಿ ನಾವೂ ಪಾಠ ಕಲಿತೆವು. ಮೂರು ಗುಂಡಿಗೊಂದು ಬೋಲ್ಟ್ ತುಂಡಾಗುತ್ತಿದ್ದುದರಿಂದ ಬೇಸತ್ತು ಗಟ್ಟಿಯಾದ ಬೋಲ್ಟ್ ಹಾಕಿದೆವು. ಮುಂದಿನ ಗುಂಡುಕಲ್ಲಿಗೆ ಗೇರ್ ಪೆಟ್ಟಿಗೆಯೇ ಹೋಯಿತು. ಆ ಬೋಲ್ಟ್ ಇರುವುದೇ ತುಂಡಾಗುವುದಕ್ಕೆ. ಯಂತ್ರದ ಪುಸ್ತಕದಲ್ಲಿ ಹೇಳಿದ ಬೋಲ್ಟನ್ನೇ ಹತ್ತಾರು ತಂದಿಟ್ಟುಕೊಳ್ಳಿ.

ಆದುದರಿಂದ ಟ್ರ್ಯಾಕ್ಟರ್ ಬರುವ ಹಿಂದಿನ ದಿನ ಹಾರೆ ಹಿಡಿದು ಸಾಲಿನುದ್ದಕ್ಕೂ ಕುಟ್ಟಿ ನೋಡುವುದು ಒಳಿತು. ದಪ್ ಎಂದರೆ ಮಣ್ಣು, ಠಣ್ ಎಂದರೆ ಕಲ್ಲು. ಕಲ್ಲಾದರೆ ಒಂದೆರಡಡಿ ಆಚೀಚೆ ಕುಟ್ಟಿ ನೋಡಿ. ಕಂಬಗಳ ಅಂತರ 8 ಅಡಿಯೋ 11 ಅಡಿಯೋ ಆದರೆ ಬೇಲಿಗೆ ಕುಂದಿಲ್ಲ. ಗಟ್ಟಿ ಗೊಚ್ಚಿದ್ದ ಕಡೆ ಸಣ್ಣ ಕುಳಿ ಮಾಡಿ ಸಂಜೆ ನೀರು ಹೊಯ್ದು ಬಿಡಿ, ಬೆಳಿಗ್ಗೆಗೆ ಸಡಿಲವಾಗಿರುತ್ತದೆ. ಜಿಗಟು ಮಣ್ಣಿಗೆ ಮಾತ್ರ ನೀರು ಬೇಡ. ಆಗರ್ ತಿರುಪಿನಂತೆ ಕಚ್ಚಿಕೊಂಡು ಮೇಲೇಳುವುದಿಲ್ಲ. ಹಾಗಾದಲ್ಲಿ ಎಂಜಿನ್ ನಿಲ್ಲಿಸಿ, ಪೈಪ್ ರೆಂಚಿನಿಂದ ಕೈಯಲ್ಲೇ ಹಿಮ್ಮುಖವಾಗಿ ತಿರುಗಿಸಿ ಬಿಡಿಸಬೇಕು. (ಇದೇ ಆಗರ್‌ನಿಂದ ಅಡಿಕೆ ಗುಂಡಿ ತೆಗೆಸುವವರು ನಯವಾದ ಗೋಡೆಯನ್ನು ಹಾರೆಯಿಂದ ಕೆರೆದು ಒರಟು ಮಾಡಿ. ಇಲ್ಲವಾದರೆ ಬೇರು ಹೊರಕ್ಕೆ ಹೋಗಲು ತಿಣುಕುತ್ತದೆ.)

ಹಾಸುಬಂಡೆಯೇ ಎದುರಾದರೆ? ಬೆಂಗಳೂರು ಸುತ್ತಿನ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಮೆಲ್ಲಗೆ ಸರಿಸುತ್ತಾ ಸುಮಾರು 5 ಅಂಗುಲ ದಪ್ಪದ ಚಪ್ಪಡಿ ಎಬ್ಬಿಸುತ್ತಿದ್ದುದನ್ನು 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆ ವರ್ಣಿಸಿತ್ತು. ಬಂಡೆ ಪದರವಾಗಿ ಏಳುವ ಈ ಗುಣ ನಮಗೂ ಉಪಯೋಗಕ್ಕೆ ಬರುತ್ತದೆ: ಮೇಲಿನ ಪದರ ತೆಳುವಾಗಿದ್ದರೆ ಉಳಿ, ಸುತ್ತಿಗೆ, ಹಾರೆಯಲ್ಲೇ ಎದ್ದೀತು. ಏಳದಿದ್ದಲ್ಲಿ ಆಗರ್ ಬಿಟ್ಟು ಕಂಪ್ರೆಸರ್ ಟ್ರ್ಯಾಕ್ಟರ್ ಕರೆಸಿ. ಅಂಥ ಜಾಗಗಳನ್ನೆಲ್ಲ ಸುಣ್ಣದಿಂದ ಗುರುತಿಸಿಟ್ಟು ಒಂದೇ ದಿನ ಮುಗಿಸಿದರೆ ಬಾಡಿಗೆ ಉಳಿಯುತ್ತದೆ. ಬಂಡೆಯಲ್ಲಿ 2 ಅಡಿ ಇಳಿಯಬೇಕಾಗಿಲ್ಲ. ಒಂದಡಿ ಆಳದ ತೂತು ಕೊರೆದು ಕಬ್ಬಿಣದ ಸರಳು ಕೂರಿಸಿ, ಸಿಮೆಂಟ್ ತುಂಬಿ, ಆ ಸರಳಿಗೆ ಕಬ್ಬಿಣದ ಆಂಗಲ್ ಕಂಬ ಬೆಸೆಸಿದರೆ ಸಾಕು. ಪರವಾನಗಿ ಇಲ್ಲದೆ ಮದ್ದಿಟ್ಟು ಸಿಡಿಸುವುದು ಅಪರಾಧ. ಕೊಳವೆಬಾವಿಯ ಪಕ್ಕದಲ್ಲಂತೂ ಅವಿವೇಕ.

ಮಣ್ಣಿನ ಗುಂಡಿಗೆ ಕಂಬ ಇಳಿಸಿದ ಮೇಲೆ ಸುತ್ತ ಚಕ್ಕೆಕಲ್ಲು ಬಿಗಿದು, ಗೊಚ್ಚನ್ನು ಅರ್ಧ ಅಡಿಗೊಮ್ಮೆ ಹಾಕಿ ಹಾರೆಯ ಹಿಂಬದಿಯಿಂದ ದಮ್ಮಸ್ಸು ಮಾಡಬೇಕು. ಮೂಲೆ ಕಂಬಕ್ಕೆ ಎರಡೂ ಕಡೆ ಊರೆಗಲ್ಲು ಕೊಡಬೇಕು. ಸಿಮೆಂಟ್ ಹಾಕಿದ ಕಂಬಗಳಿಗೆ ದಿನವೂ ನೀರುಣಿಸಿ, ಒಂದು ವಾರ ಕಳೆಯುವ ತನಕ ಮುಳ್ಳುತಂತಿ ಎಳೆಯಬೇಡಿ.