ನಾಡಗಿಡಗಳೂ ನಗರದ ಜೀವಕೋಟಿಯೂ

ಮುಂಗಾರು ಸಮೀಪಿಸಿತೆಂದರೆ ಬೆಂಗಳೂರಿನಲ್ಲಿ ಸಸಿ ನೆಡುವ ಉತ್ಸವಗಳು ಮೊದಲಾಗುವುವು. ಭಾಷಣಗಳಾಗುವುವು, ಗುಂಡಿಗಳು ತುಂಬುವುವು, ಭಾವಚಿತ್ರಗಳು ಪತ್ರಿಕಾ ಕಚೇರಿಗಳಿಗೆ ಬರುವುವು. ಇಷ್ಟರ ನಡುವೆ, ನೆಟ್ಟ ಸಸಿ ಯಾವುದು, ಅದು ಯಾವ ಜೀವಿಗೆ ಅನ್ನವಿಕ್ಕುವುದು ಎಂದು ಕೇಳುವವರು ವಿರಳ. ನಗರದ ಪಶ್ಚಿಮ ಭಾಗದ ಪೌರರ ಮುಂದೆ ಈ ಪ್ರಶ್ನೆಯನ್ನೇ ಇಡುವುದು ನಮ್ಮ ಉದ್ದೇಶ.

ವಿಜಯನಗರದ ನೆರೆಯ ಅತ್ತಿಗುಪ್ಪೆಯ ಹೆಸರಿನಲ್ಲಿ ಅತ್ತಿಯ ಮರವಿದೆ. ಬೀದಿಯಲ್ಲಿ ಅದನ್ನು ಅರಸಬೇಕಾಗಿದೆ. ನಮ್ಮ ಬಡಾವಣೆಗಳ ಸಾಲುಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವುವು ಮಡಗಾಸ್ಕರದ ಗುಲ್‌ಮೊಹರು, ಅಮೆರಿಕ ಖಂಡದ ಜಕರಂಡ, ಟಬೂಬಿಯ, ಮಳೆಮರಗಳು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ಲರು ವರ್ಷವೆಲ್ಲ ಒಂದಲ್ಲ ಒಂದು ಸಾಲು ಹೂವಾಗಿರಬೇಕೆಂದು ಬಗೆದವರು. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿದರು. ಇವರ ಋಣ ನಮ್ಮ ಮೇಲಿದೆ. ಅವರು ಬೆಳೆಸಿದ ನೆರಳಿನಲ್ಲಿಯೇ ನಾವು ನಡೆಯುತ್ತಿರುವೆವು. ಆದರೆ ಮನುಷ್ಯನ ಕಣ್ಣಿಗೆ ಹಬ್ಬವಾದುದೆಲ್ಲ ಹಕ್ಕಿಯ ಹೊಟ್ಟೆಗೆ ಊಟವಾಗದು.

ಬಟ್ಟೆಯಲ್ಲಿ ಸ್ವದೇಶಿ ವ್ರತವನ್ನು ಹಿಡಿದ ನಾಡು ಗಿಡದಲ್ಲಿ ಅದನ್ನು ಮರೆತುದೇಕೆ? ಪರದೇಶದ್ದೆಲ್ಲ ಹೇಯವೆಂಬುದು ನಮ್ಮ ವಾದವಲ್ಲ. ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದುದು. ಅದನ್ನು ಸಾರಿನಿಂದ ಹೊರಗಟ್ಟಬೇಕೆಂದು ಯಾರೂ ಹೇಳಲಾರರು. ಇಲ್ಲಿಯ ವಿಚಾರ ಅಭಿಮಾನದ್ದಲ್ಲ, ಆಹಾರದ್ದು. ಟಬೂಬಿಯದ ಹೂವಿಗೆ ಜೇನು ಬರುವುದು ನಿಜ. ಆದರೆ ಹೂ ಉದುರಿದ ಮೇಲೆ ಅದು ಕೊಡುವುದು ತಿನ್ನತಕ್ಕ ಹಣ್ಣನ್ನಲ್ಲ, ಗಾಳಿಗೆ ಹಾರುವ ಬೀಜವನ್ನು. ಅತ್ತಿ, ಆಲ, ಅರಳಿ, ಬಸರಿಗಳಾದರೋ ಒಂದೊಂದು ಮರ ಒಂದೊಂದು ಕಾಲದಲ್ಲಿ ಹಣ್ಣಾಗಿ, ಬೇರೆ ಹಣ್ಣಿಲ್ಲದ ದಿನಗಳಲ್ಲಿಯೂ ಕುಟ್ರು, ಕೋಗಿಲೆ, ಬಾವಲಿಗಳನ್ನು ಸಾಕುವುವು. ಈ ಕುಲದ ಹೂಗಳು ಕಾಯಿಯೊಳಗೇ ಅಡಗಿರುವುದರಿಂದ ಪರಾಗವನ್ನೊಯ್ಯಲು ಜಾತಿಜಾತಿಗೂ ಬೇರೆಯಾದ ಸಣ್ಣ ಕಣಜಗಳು ಬೇಕು. ಮರವಿಲ್ಲದೆ ಕಣಜವಿಲ್ಲ; ಕಣಜವಿಲ್ಲದೆ ಮರಕ್ಕೆ ಸಂತಾನವಿಲ್ಲ.

ಚಿಟ್ಟೆಗಳ ನಿಯಮ ಇನ್ನೂ ಕಟ್ಟುನಿಟ್ಟಾದುದು. ಚಿಟ್ಟೆ ಹಲವು ಹೂಗಳ ಮಧುವನ್ನು ಹೀರಬಹುದು. ಅದರ ಮರಿಹುಳು ಮಾತ್ರ ತನ್ನ ಕುಲಕ್ಕೆ ನಿಯತವಾದ ಎಲೆಯನ್ನಲ್ಲದೆ ಬೇರೆಯದನ್ನು ಮುಟ್ಟದು. ಒಂದಕ್ಕೆ ಎಕ್ಕ, ಒಂದಕ್ಕೆ ಕಕ್ಕೆ, ಮತ್ತೊಂದಕ್ಕೆ ಕರಿಬೇವು, ನಿಂಬೆ, ಬಿಲ್ವ. ಕರ್ನಾಟಕದ ರಾಜ್ಯಚಿಟ್ಟೆಯಾದ ಕಪ್ಪುಹಳದಿಯ ದೊಡ್ಡ ಚಿಟ್ಟೆ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಕುಲದ ಮೇಲೆ. ಗುಬ್ಬಿಯಂಥ ಕಾಳುತಿನ್ನುವ ಹಕ್ಕಿಯೂ ತನ್ನ ಮರಿಗೆ ಹುಳುವನ್ನೇ ಉಣಿಸಬೇಕು. ಆದುದರಿಂದ ಎಲೆಯಲ್ಲಿ ತೂತು ಕಂಡೊಡನೆ ಔಷಧಿ ಚಿಮುಕಿಸುವ ಗೃಹಸ್ಥರು ಯಾರ ತುತ್ತನ್ನು ಕಸಿಯುತ್ತಿರುವೆವೆಂದು ಯೋಚಿಸಬೇಕು.

ಗಿಡಗಳನ್ನು ಎಲ್ಲಿ ತರುವುದೆಂದು ವಾಚಕರು ಕೇಳಬಹುದು. ಮೊದಲು ಗುರುತಿಸಲು ಕಲಿಯತಕ್ಕದ್ದು. ಜ್ಞಾನಭಾರತಿ ಆವರಣದ ಜೈವಿಕ ವನವೂ ಕೆಂಗೇರಿಗೆ ಸಮೀಪದ ತುರಹಳ್ಳಿಯ ಕಾಡೂ ನಮ್ಮ ನೆರೆಯ ಪಾಠಶಾಲೆಗಳು. ಅಶೋಕವೆಂಬ ಹೆಸರಿನಿಂದ ಮಾರುವುದು ಬಹುಮಟ್ಟಿಗೆ ಕಂಬದಂತೆ ಬೆಳೆಯುವ ಬೇರೊಂದು ಮರ. ಸೀತೆಯ ಅಶೋಕ ಅದಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಹೊಂಗೆ, ಬೇವು, ನೇರಳೆಯಂಥ ಸಸಿಗಳು ಅಲ್ಪ ಬೆಲೆಗೆ ದೊರೆಯುವುವು. ಬೀಜ ಬೀದಿಯಲ್ಲಿಯೇ ಬಿದ್ದಿರುತ್ತದೆ. ನೇರಳೆ, ಬೇವುಗಳ ಬೀಜವನ್ನು ಕೂಡಿಡಲಾಗದು. ಹಣ್ಣುದುರಿದ ಕೆಲವು ದಿನಗಳಲ್ಲಿಯೇ ಬಿತ್ತಬೇಕು. ಕಕ್ಕೆಯ ಬೀಜದ ಸಿಪ್ಪೆ ಗಡುಸು. ಬಿಸಿನೀರು ಸುರಿದು ನೆನೆಹಾಕಬೇಕು. ಹಕ್ಕಿಯ ಹಿಕ್ಕೆಯಿಂದ ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿಯನ್ನು ಕಿತ್ತೆಸೆಯದೆ, ಬೇರು ಹರಿಯದಂತೆ ಬಿಡಿಸಿ ಕುಂಡದಲ್ಲಿ ಸಾಕಬಹುದು.

ಆಲ ಅರಳಿಗಳ ಬೇರು ಗೋಡೆಯನ್ನು ಸೀಳುವುದೆಂಬ ಆಕ್ಷೇಪಣೆ ಸಾಧುವಾದುದೇ. ಅವುಗಳಿಗೆ ತಕ್ಕ ಸ್ಥಳ ಕೆರೆಯಂಗಳ, ಉದ್ಯಾನ, ದೇವಾಲಯದ ಕಟ್ಟೆ. ಮೂವತ್ತು ನಲವತ್ತು ಅಡಿಯ ನಿವೇಶನಕ್ಕೆ ಕರಿಬೇವು, ಪಾರಿಜಾತ, ಬಿಲ್ವಗಳು ಸಾಕು. ಬೇಲಿಗೆ ಈಶ್ವರಿ ಬಳ್ಳಿ. ಮಹಡಿಯ ಮನೆಯವರಿಗೂ ಎರಡು ಕುಂಡಗಳಿಗೆ ಎಡೆಯುಂಟು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಸುಮಾರು ೫೯೦ ಎಕರೆಯ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ೨೦೨೧ರ ಫೆಬ್ರವರಿಯಲ್ಲಿ ನಾಗರಿಕರು ವಿರೋಧಿಸಿದರು. ಅದು ಯುಕ್ತವೇ ಆಗಿತ್ತು. ಕುರುಚಲು ಕಾಡು ಬರಿಯ ಬೀಳುನೆಲವಲ್ಲ. ಅಲ್ಲಿಯ ಹುಲ್ಲು, ಮುಳ್ಳುಪೊದೆ, ಬಂಡೆಗಳೇ ಹಲವು ಜೀವಿಗಳ ಮನೆ. ಇರುವುದನ್ನು ಉಳಿಸಿಕೊಳ್ಳುವುದು ಹೊಸದನ್ನು ನೆಡುವುದಕ್ಕಿಂತ ಮೊದಲಿನ ಧರ್ಮ.

೨೦೨೫ರ ಸೆಪ್ಟೆಂಬರಿನಲ್ಲಿ ಮೈದಾಳಿದ ಬೆಂಗಳೂರು ಪಶ್ಚಿಮ ನಗರಪಾಲಿಕೆಗೆ ಈ ವಿಷಯದಲ್ಲಿ ಹೊಸ ಹಾದಿ ಹಾಕುವ ಅವಕಾಶವುಂಟು. ಸಾಲಿನಲ್ಲಿ ಒಂದು ಪರದೇಶದ ಮರ ಮುಪ್ಪಿನಿಂದ ಬಿದ್ದರೆ ಆ ಸ್ಥಳದಲ್ಲಿ ಹೊಂಗೆಯನ್ನೋ ಹಿಪ್ಪೆಯನ್ನೋ ನೆಡತಕ್ಕದ್ದು; ಪ್ರತಿಯೊಂದು ಉದ್ಯಾನದಲ್ಲಿಯೂ ಒಂದು ಅತ್ತಿಗೆ ಜಾಗವಿಡತಕ್ಕದ್ದು; ನೆಟ್ಟ ಸಸಿಗಳಿಗಿಂತ ಮೂರು ವರ್ಷ ಬದುಕಿದ ಸಸಿಗಳ ಲೆಕ್ಕವನ್ನು ಪ್ರಕಟಿಸತಕ್ಕದ್ದು. ಇದಕ್ಕೆ ದೊಡ್ಡ ವೆಚ್ಚವಿಲ್ಲ, ಮನಸ್ಸು ಬೇಕು. ಅತ್ತಿಗುಪ್ಪೆಯ ಮಕ್ಕಳು ಅತ್ತಿಯ ಹಣ್ಣನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡುವ ದಿನ ಬಾರದಂತೆ ಮಾಡುವುದು ಪಾಲಿಕೆಯವರ ಹಾಗೂ ಪೌರರ ಸಮಾನ ಹೊಣೆ.