ಆಸ್ಪತ್ರೆ ತೆರೆದಿತ್ತು, ಬಸ್ ನಿಂತಿತ್ತು

2020ರ ಮಾರ್ಚ್ 25. ಲಾಕ್‌ಡೌನ್ ಶುರು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಮಗ್ಗಗಳು ನಿಂತವು, ಚಳ್ಳಕೆರೆಯಲ್ಲಿ ಬಸ್ಸುಗಳು ನಿಂತವು.

ಚಳ್ಳಕೆರೆಯವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಚಿತ್ರದುರ್ಗ. ಮೊಳಕಾಲ್ಮುರಿನವರಿಗೆ ಬಳ್ಳಾರಿಯೇ ಹತ್ತಿರ. ಬಸ್ಸಿಲ್ಲದೆ ಹೋಗೋದು ಹೇಗೆ? ಮೇಲೆ ಭಯ ಬೇರೆ: ಆಸ್ಪತ್ರೆಗೆ ಹೋದ್ರೆ ಕೊರೊನಾ ಅಂಟುತ್ತೆ, ಪಾಸಿಟಿವ್ ಬಂದ್ರೆ ಕ್ವಾರಂಟೈನ್‌ಗೆ ಹಾಕ್ತಾರೆ.

ಬಿಪಿ, ಶುಗರ್ ಇದ್ದವರು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲೇ ಮಾತ್ರೆ ತಗೊಂಡ್ರು. ಹೆರಿಗೆ ನೋವನ್ನ ಮುಂದೂಡೋಕಾಗಲ್ಲ, ಕೆಮ್ಮನ್ನ ಮುಚ್ಚಿಡಬಹುದು. ಅಪಾಯ ಇರೋದೇ ಅಲ್ಲಿ: ಆ ಕೆಮ್ಮು ಟಿಬಿಯೂ ಆಗಿರಬಹುದು. ದೇಶದಲ್ಲಿ 2019ರಲ್ಲಿ ದಾಖಲಾದ ಟಿಬಿ ಪ್ರಕರಣ ಸುಮಾರು 24 ಲಕ್ಷ. 2020ರಲ್ಲಿ ಸುಮಾರು 18 ಲಕ್ಷ! ರೋಗ ಎಲ್ಲೂ ಹೋಗಿರಲಿಲ್ಲ, ಪರೀಕ್ಷೆಗೆ ಬರೋರು ಕಡಿಮೆಯಾಗಿದ್ರು. ಗಾಳಿಯಾಡದ ಮಗ್ಗದ ಕೋಣೆಯಲ್ಲಿ ಒಬ್ಬರ ಕೆಮ್ಮು ಮನೆಮಂದಿಗೆಲ್ಲ ಅಂಟಬಹುದು.

ಒಂದು ಒಳ್ಳೇದೂ ಆಯ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಇ-ಸಂಜೀವನಿ ಒಪಿಡಿ ಬಂತು. ಮೊಬೈಲಿನಲ್ಲೇ ವೈದ್ಯರ ಸಲಹೆ, ಅದೂ ಉಚಿತವಾಗಿ. ಆದರೆ ಕಫ ಪರೀಕ್ಷೆ ಮೊಬೈಲಿನಲ್ಲಿ ಆಗಲ್ಲ. ಕೆಮ್ಮು ಎರಡು ವಾರ ದಾಟಿದ್ರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಟಿಬಿ ಪರೀಕ್ಷೆ, ಮಾತ್ರೆ ಎರಡೂ ಅಲ್ಲಿ ಉಚಿತ.