ಕೇಬಲ್ ಹೊದಿಕೆಗೆ ನ್ಯಾನೊ ಜೇಡಿಮಣ್ಣು: ಅಗ್ನಿಸುರಕ್ಷತೆ ಮತ್ತು ವೆಚ್ಚದ ಲೆಕ್ಕ

ವಿದ್ಯುತ್ ಕೇಬಲ್‌ಗಳ ಹೊದಿಕೆಗೆ ಬಳಕೆಯಾಗುವ ಇ.ವಿ.ಎ. ರಾಳವು ಸುಲಭವಾಗಿ ಉರಿಯುವ ವಸ್ತು. ಹ್ಯಾಲೊಜನ್‌ರಹಿತ ಕೇಬಲ್ ತಯಾರಕರು ಅದಕ್ಕೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಬೆರೆಸುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಈ ಪುಡಿಯು ನೀರಾವಿಯನ್ನು ಹೊರಬಿಟ್ಟು ಜ್ವಾಲೆಯನ್ನು ತಣಿಸುತ್ತದೆ. ಆದರೆ ತೂಕದ ಶೇ. 60ಕ್ಕೂ ಮಿಗಿಲಾಗಿ ಬೆರೆಸಬೇಕಾಗುವುದರಿಂದ ಹೊದಿಕೆಯು ಬಿರುಸಾಗುತ್ತದೆ. ಎಕ್ಸ್‌ಟ್ರೂಡರ್ ಯಂತ್ರದ ಮೇಲೂ ಹೊರೆ ಬೀಳುತ್ತದೆ.

ಇಲ್ಲಿ ನೆರವಿಗೆ ಬರುವುದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣು. ಇದರ ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಸಂಸ್ಕರಿಸಿ ರಾಳದೊಳಗೆ ಪದರಪದರವಾಗಿ ಹರಡಿದಾಗ, ಉರಿಯುವ ಮೇಲ್ಮೈಯಲ್ಲಿ ಇದ್ದಿಲು ಮತ್ತು ಸಿಲಿಕೇಟ್ ಕೂಡಿದ ಹೊರಪದರ ರೂಪುಗೊಳ್ಳುತ್ತದೆ. ಕೆಳಗಿನ ರಾಳಕ್ಕೆ ಶಾಖ ತಲಪುವುದೂ, ಅಲ್ಲಿಂದ ಇಂಧನಾನಿಲ ಮೇಲೇರುವುದೂ ಇದರಿಂದ ನಿಧಾನವಾಗುತ್ತವೆ. ಬೆಲ್ಜಿಯಂನಲ್ಲಿ ನಡೆದ ಕೇಬಲ್ ಸಂಶೋಧನೆಯಲ್ಲಿ ಶೇ. 5ರಷ್ಟು ನ್ಯಾನೊ ಜೇಡಿ ಸೇರಿಸಿದಾಗ, ಗರಿಷ್ಠ ಶಾಖ ಬಿಡುಗಡೆಯ ಮಟ್ಟವನ್ನು ಹೆಚ್ಚಿಸದೆಯೇ ಹೈಡ್ರಾಕ್ಸೈಡ್ ಪ್ರಮಾಣವನ್ನು ಶೇ. 65ರಿಂದ 45ಕ್ಕೆ ಇಳಿಸಲು ಸಾಧ್ಯವಾಯಿತು.

ಇದನ್ನು ಉಳಿತಾಯವೆಂದು ಒಮ್ಮೆಲೇ ಭಾವಿಸಲಾಗದು. ಕಚ್ಚಾ ಸಾಮಗ್ರಿಯನ್ನು ಕಿಲೋ ಲೆಕ್ಕದಲ್ಲಿ ಕೊಂಡರೂ ಕೇಬಲ್ ಮಾರಾಟವಾಗುವುದು ಮೀಟರ್ ಲೆಕ್ಕದಲ್ಲಿ. ಆದ್ದರಿಂದ ಹೋಲಿಕೆಯನ್ನು ಗಾತ್ರದ ಮೇಲೆ ಮಾಡಬೇಕು. ಘಟಕಗಳ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಹಳೆಯ ಮಿಶ್ರಣವು ಲೀಟರಿಗೆ ಸುಮಾರು 1.56 ಕಿಲೋ, ಹೊಸದು 1.34 ಕಿಲೋ ತೂಗುತ್ತದೆ. ತೂಕವು ಶೇ. 14ರಷ್ಟು ತಗ್ಗಿತು, ನಿಜ. ಆದರೆ ಅಗ್ಗದ ಹೈಡ್ರಾಕ್ಸೈಡ್ 1,010 ಗ್ರಾಂನಿಂದ 600 ಗ್ರಾಂಗೆ ಇಳಿದು, ದುಬಾರಿ ರಾಳವು 550ರಿಂದ 670 ಗ್ರಾಂಗೆ ಏರಿತು. ಮೇಲೆ ಸುಮಾರು 70 ಗ್ರಾಂ ಜೇಡಿಯ ಬೆಲೆ ಬೇರೆ. ಹೀಗಾಗಿ ಸಾಮಗ್ರಿ ವೆಚ್ಚ ಹೆಚ್ಚಲೂಬಹುದು. ಲಾಭವಿರುವುದು ಹೊದಿಕೆಯ ಬಾಗುವ ಗುಣದಲ್ಲಿ, ಯಂತ್ರದ ವೇಗದಲ್ಲಿ ಮತ್ತು ಸಾಗಣೆಯಲ್ಲಿ. ದರಪಟ್ಟಿ ತಯಾರಿಸುವವರು ಈ ಬಾಬುಗಳನ್ನು ಬಿಟ್ಟುಬಿಡುವುದೇ ಹೆಚ್ಚು.

‘ನ್ಯಾನೊ’ ಎಂಬ ಹೆಸರಿಗೆ ಮರುಳಾಗುವುದೂ ಸಲ್ಲದು. ಜೇಡಿಯು ಉರಿಯ ತೀವ್ರತೆಯನ್ನು ತಗ್ಗಿಸುತ್ತದೆಯೇ ಹೊರತು ಬೆಂಕಿ ಹೊತ್ತುವುದನ್ನು ತಡೆಯುವುದಿಲ್ಲ. ಬಿಡುಗಡೆಯಾಗುವ ಒಟ್ಟು ಶಾಖವೂ ಹೆಚ್ಚೇನೂ ಕಡಿಮೆಯಾಗದು. ಜ್ವಾಲೆಯು ಕ್ಷಣಗಳಲ್ಲಿ ತಾನಾಗಿ ಆರಬೇಕೆನ್ನುವ ಯು.ಎಲ್. 94 ವಿ-0 ದರ್ಜೆಗೆ ಜೇಡಿಯೊಂದೇ ಸಾಮಾನ್ಯವಾಗಿ ಸಾಲದು. ಆದುದರಿಂದ ಗ್ರಾಹಕರು ಕೇಳುತ್ತಿರುವುದು ಯಾವ ಪರೀಕ್ಷೆಯನ್ನು ಎಂಬುದನ್ನು ಖರೀದಿ ಆದೇಶದಲ್ಲೇ ಬರೆಸಿಕೊಂಡು, ಮಿಶ್ರಣ ಬದಲಾದಾಗ ತಗಲುವ ಮರುಪರೀಕ್ಷೆಯ ಶುಲ್ಕವನ್ನು ದರಪಟ್ಟಿಗೆ ಸೇರಿಸಿಯೇ ಬೆಲೆ ನಮೂದಿಸತಕ್ಕದ್ದು.